ಶ್ರೀರಂಗಪಟ್ಟಣದ ಹುಲಿಯೂ ಅಟ್ಟದ ಮೇಲಿನ ರೋಬೋಟೂ



ಆಟದ ಸಾಮಾನಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಇಸವಿಗಳು ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತವರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಒಂದು ಮುರಿದ ಆಟಿಕೆ ನನ್ನ ಈ ತಿಳಿವಳಿಕೆಯನ್ನು ತಿದ್ದಿತು. ಆ ಕಥೆಯಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ.

ಕೃಷ್ಣರಾಜಪೇಟೆಯ ನಮ್ಮ ಹಳೆಯ ಮನೆಗೆ ರಂಜಾನ್‌ಗೆ ಮುಂಚೆ ಸುಣ್ಣ ಬಳಿಸಬೇಕೆಂದು ಅಟ್ಟದ ಸಾಮಾನುಗಳನ್ನೆಲ್ಲ ಕೆಳಗಿಳಿಸಿದ್ದೆವು. ಒಂದು ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆಗಳ ನಡುವೆ ಒಂದು ಪುಟ್ಟ ಆಟಿಕೆ ಲಾರಿ ಸಿಕ್ಕಿತು. ಸೌದಿಯಲ್ಲಿ ಕೆಲಸಕ್ಕಿದ್ದ ನಮ್ಮ ಮಾಮು 1980ರ ದಶಕದಲ್ಲಿ ರಜೆಗೆ ಬಂದಾಗ ಮನೆಯ ಮಕ್ಕಳಿಗೆಂದು ತಂದದ್ದು. ಅದು ಬರಿಯ ಲಾರಿಯಲ್ಲ. ಮುಂಭಾಗವನ್ನು ಮಡಚಿ, ಬದಿಗಳನ್ನು ತಿರುಗಿಸಿದರೆ ಕೈಕಾಲುಗಳುಳ್ಳ ಯಂತ್ರಮಾನವ ಎದ್ದು ನಿಲ್ಲುತ್ತಿದ್ದ. ಆಗ ಬೀದಿಯ ಮಕ್ಕಳೆಲ್ಲ ಅದನ್ನು ನೋಡಲು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಈಗ ಅದರ ಒಂದು ಕೈ ಕಳಚಿತ್ತು, ಬಣ್ಣ ಹಳದಿಗೆ ತಿರುಗಿತ್ತು.

ಮನೆಯ ಮಕ್ಕಳು ಹಟ ಹಿಡಿದರು. ನಾನು ಮೊದಲು ಅದನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದೆ. ಎದೆಯ ಮೇಲಿದ್ದ ಬಣ್ಣದ ಚೀಟಿ ನೀರಿನಲ್ಲಿ ಕಿತ್ತು ಹೋಯಿತು. ಬಳಿಕ ಪೇಟೆಯ ಗಡಿಯಾರ ರಿಪೇರಿಯವರ ಬಳಿ ಒಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅರ್ಧ ಗಂಟೆ ಕೂತು, ಕೈಗಡಿಯಾರದ ಪಟ್ಟಿಗೆ ಹಾಕುವ ಪಿನ್ನನ್ನು ಕತ್ತರಿಸಿ ಭುಜಕ್ಕೆ ಸೇರಿಸಿದರು. ಕೈ ನಿಂತಿತು. ಆದರೆ ಮತ್ತೆ ಲಾರಿ ಮಾಡಲು ಹೋದರೆ ಆ ಕೈ ಒಳಗೆ ಕೂರಲೊಲ್ಲದು. ಆಗ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ: "ಸಾರ್, ಮುರಿದದ್ದನ್ನು ನಿಲ್ಲಿಸೋದು ದೊಡ್ಡ ವಿಷಯ ಅಲ್ಲ. ಮೊದಲು ಹೇಗಿತ್ತು ಅನ್ನೋ ಕಾಗದ ಇದ್ದಿದ್ದರೆ ಸರಿಯಾಗಿ ಮಾಡಬಹುದಿತ್ತು."

ಆ ಕಾಗದವನ್ನು ನಾವು ಎಂದೋ ಒಲೆಗೆ ಹಾಕಿದ್ದೆವು. ಕಾಗದವಿಲ್ಲದ ವಸ್ತುವಿನ ಗತಿ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ರೂಪ ಬದಲಿಸುವ ಆಟಿಕೆಗಳು

ಮೊದಲು ಈ ಆಟಿಕೆಗಳ ಹಿನ್ನೆಲೆಯನ್ನು ತಿಳಿಯೋಣ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಆಟಿಕೆಗಳ ಸಾಲನ್ನು ಹೊರತಂದಿತು. ಕೆಲವೇ ವರ್ಷಗಳಲ್ಲಿ ರೋಬೋಟ್ ಆಗಿ ಬದಲಾಗುವ ಕಾರು, ಲಾರಿಗಳು ಆ ಸಾಲಿಗೆ ಸೇರಿದವು. 1983ರಲ್ಲಿ ಅದೇ ಕಂಪನಿಯ ಮೈಕ್ರೋ ಚೇಂಜ್ ಎಂಬ ಸಾಲಿನಲ್ಲಿ ಕ್ಯಾಸೆಟ್ ಪ್ಲೇಯರ್‌ನಂತಹ ವಸ್ತುಗಳೂ ರೋಬೋಟ್ ಆದವು. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಇವುಗಳ ಹಕ್ಕನ್ನು ಪಡೆದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಕಾರ್ಟೂನು ಮತ್ತು ಚಿತ್ರಕಥೆಗಳೂ ಬಂದವು. 2007ರ ನಂತರ ಬಂದ ಸಿನಿಮಾಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ.

ಇಂದು 1980ರ ದಶಕದ ಆ ಆಟಿಕೆಗಳನ್ನು ಹುಡುಕಿ ಸಂಗ್ರಹಿಸುವವರು ಜಗತ್ತಿನಾದ್ಯಂತ ಇದ್ದಾರೆ. ಅವರು ಆಟಿಕೆಯನ್ನಷ್ಟೇ ಕೇಳುವುದಿಲ್ಲ. ಅದರ ಡಬ್ಬಿ, ಮಡಚುವ ಕ್ರಮ ತಿಳಿಸುವ ಚಿತ್ರದ ಹಾಳೆ, ಡಬ್ಬಿಯ ಹಿಂಬದಿಯಲ್ಲಿ ಅಚ್ಚಾಗಿದ್ದ ಗುಣವಿವರದ ಪಟ್ಟಿ ಇವೆಲ್ಲ ಇದ್ದರೆ ಮಾತ್ರ ಅದು ಪೂರ್ಣ. ಆ ಪಟ್ಟಿಯನ್ನು ಜೊತೆಗೆ ಕೊಡುತ್ತಿದ್ದ ಕೆಂಪು ಪ್ಲಾಸ್ಟಿಕ್ ಪಟ್ಟಿಯ ಮೂಲಕ ನೋಡಿದರೆ ಮಾತ್ರ ಓದಲು ಬರುತ್ತಿತ್ತು. ಮಕ್ಕಳು ಡಬ್ಬಿ ಹರಿದರು, ತಾಯಂದಿರು ಗುಡಿಸಿ ಹಾಕಿದರು. ಹಾಗಾಗಿಯೇ ಈಗ ಕಾಗದಕ್ಕೂ ಬೆಲೆ ಬಂದಿದೆ.

ಈ ಆಟಿಕೆಗಳನ್ನು ರಿಪೇರಿ ಮಾಡುವುದು ಸುಲಭವಲ್ಲ. ಉಕ್ಕಿನ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಬಿಳಿ ಪ್ಲಾಸ್ಟಿಕ್ ಬೆಳಕಿಗೆ ಹಳದಿಯಾಗುತ್ತದೆ. 1980ರ ದಶಕದ ಕೊನೆಯಿಂದ ಬಂದ ಕೆಲವು ಆಟಿಕೆಗಳಲ್ಲಿ ಹೊಳಪಿಗಾಗಿ ಚಿನ್ನದ ಬಣ್ಣದ ಪುಡಿ ಬೆರೆಸಿದ ಪ್ಲಾಸ್ಟಿಕ್ ಬಳಸಿದ್ದರು. ಅದು ಕಾಲ ಕಳೆದಂತೆ ಒಳಗೇ ಬಲಹೀನವಾಗಿ, ಮುಟ್ಟಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಡಬ್ಬಿಯಿಂದ ತೆಗೆಯದೆ ಇಟ್ಟಿದ್ದರೂ ಹೀಗಾಗುವುದುಂಟು. ಅಂದರೆ ಜೋಪಾನವಾಗಿ ಎತ್ತಿಟ್ಟ ಮಾತ್ರಕ್ಕೆ ವಸ್ತು ಉಳಿಯುತ್ತದೆ ಎನ್ನುವಂತಿಲ್ಲ.

ನಮ್ಮ ಜಿಲ್ಲೆಯ ಹುಲಿ

ಒಂದು ರೂಪದಲ್ಲಿದ್ದು ಇನ್ನೊಂದು ರೂಪ ತೋರುವ ಯಂತ್ರದ ಆಟಿಕೆ ಜಪಾನಿನಲ್ಲೇ ಮೊದಲು ಹುಟ್ಟಿತು ಎಂದು ತಿಳಿಯಬೇಡಿ. ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಅಂತಹ ಒಂದು ವಸ್ತು ಇತ್ತು. ಅದೇ ಟಿಪ್ಪು ಸುಲ್ತಾನರ ಮರದ ಹುಲಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದರು. ನಂತರ ಅರಮನೆಯ ವಸ್ತುಗಳನ್ನು ಗೆದ್ದ ಸೇನೆಯವರು ಹಂಚಿಕೊಂಡರು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಒಡೆದು ತುಂಡು ಮಾಡಲಾಯಿತು. ಅರಮನೆಯ ಸಂಗೀತದ ಕೋಣೆಯಲ್ಲಿ ಅವರಿಗೆ ಬಣ್ಣ ಬಳಿದ ಮರದ ಹುಲಿಯೊಂದು ಸಿಕ್ಕಿತು. ಅದರಲ್ಲಿ ಕರಗಿಸಿ ಹಂಚಿಕೊಳ್ಳಲು ಚಿನ್ನವಿರಲಿಲ್ಲ. ಅದನ್ನು ಇಡಿಯಾಗಿಯೇ ಲಂಡನ್ನಿಗೆ ಕಳುಹಿಸಿದರು. ಅದು ಅಲ್ಲಿಗೆ ತಲುಪುವ ಮೊದಲೇ, 1800ರಲ್ಲಿ ಪ್ರಕಟವಾದ ಮೈಸೂರು ಯುದ್ಧದ ಪುಸ್ತಕವೊಂದರಲ್ಲಿ ಅದರ ಚಿತ್ರ ಅಚ್ಚಾಯಿತು.

ಹುಲಿಯ ಉದ್ದ ಐದೂವರೆ ಅಡಿಗೂ ಸ್ವಲ್ಪ ಹೆಚ್ಚು, ಎತ್ತರ ಎರಡೂಕಾಲು ಅಡಿಯಷ್ಟು. ಯುರೋಪಿನ ಉಡುಪು ತೊಟ್ಟ ಮನುಷ್ಯನೊಬ್ಬ ಅಂಗಾತ ಬಿದ್ದಿದ್ದಾನೆ, ಹುಲಿ ಅವನ ಮೇಲೆರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಮನುಷ್ಯನ ಗಂಟಲಿನ ಕೊಳವೆಯಿಂದ ನರಳುವ ಸದ್ದು ಬರುತ್ತದೆ. ಅವನ ಎಡಗೈ ಮೇಲೇಳುತ್ತದೆ, ಇಳಿಯುತ್ತದೆ. ಕೈ ಏರಿಳಿದಂತೆ ನರಳಾಟದ ಸ್ವರವೂ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆಯಿಂದ ಗುರುಗುಟ್ಟುವ ಸದ್ದು ಹೊರಡುತ್ತದೆ.

ಇಷ್ಟೇ ಆಗಿದ್ದರೆ ಅದು ಒಂದು ಯಂತ್ರದ ಗೊಂಬೆಯಷ್ಟೇ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳವಿದೆ. ಅದನ್ನು ತೆರೆದರೆ ಒಳಗೆ ದಂತದ ಗುಂಡಿಗಳ ಸಾಲು, ಹದಿನೆಂಟು ಸ್ವರಗಳ ಆರ್ಗನ್ ವಾದ್ಯ! ಹೊರಗಿನಿಂದ ಹುಲಿ, ತೆರೆದರೆ ಸಂಗೀತ. ಲಾರಿ ರೋಬೋಟ್ ಆಗುವುದನ್ನು ಕಂಡು ನಮ್ಮ ಜಗಲಿಯ ಮಕ್ಕಳು ಪಟ್ಟ ಬೆರಗನ್ನೇ ಈ ಹುಲಿಯ ಮುಂದೆ ನಿಂತವರೂ ಪಟ್ಟಿರಬೇಕು.

ಇದು ಬರಿಯ ವಿನೋದದ ವಸ್ತುವಲ್ಲ ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಹುಲಿ ಟಿಪ್ಪುವಿನ ರಾಜಲಾಂಛನ. ನಾಲ್ಕು ಯುದ್ಧಗಳ ಹಗೆತನದ ಕಾಲದಲ್ಲಿ ಶತ್ರುವಿನ ಮೇಲಿನ ಸಿಟ್ಟು ಇದರಲ್ಲಿ ಮೈತಳೆದಿದೆ. ಇದನ್ನು ನೋಡಿ ಬೀಗುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ಇತಿಹಾಸದ ವಿದ್ಯಾರ್ಥಿಯ ಕೆಲಸ ಇವೆರಡೂ ಅಲ್ಲ. ಮಾಡಿದವರು ಯಾರು, ಹೇಗೆ ಮಾಡಿದರು, ಏಕೆ ಮಾಡಿದರು ಎಂದು ಕೇಳುವುದು ಅವನ ಕೆಲಸ.

ಮಾಡಿದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಪಾಂಡವಪುರದ ಹಿರಿಯರನ್ನು ಕೇಳಿ ನೋಡಿ, ಆ ಊರಿಗೆ ಹಿಂದೆ ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಹೆಸರಿತ್ತು ಎನ್ನುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಆ ಹೆಸರು ಬಂತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸ್ಸಿಗೆ ಹೋಗಿ ದೊರೆ 16ನೆಯ ಲೂಯಿಯನ್ನು ಕಂಡಾಗ, ಸೈನಿಕರ ಜೊತೆಗೆ ಕುಶಲಕರ್ಮಿಗಳನ್ನೂ ಕಳುಹಿಸುವಂತೆ ಕೇಳಿದರು.

ಹುಲಿಯ ಕೆತ್ತನೆ ಮತ್ತು ಬಣ್ಣದ ಕೆಲಸ ನಮ್ಮ ನಾಡಿನದು, ಒಳಗಿನ ಆರ್ಗನ್ನಿನಲ್ಲಿ ಫ್ರೆಂಚರ ಕೈಯೂ ಸೇರಿರಬಹುದು ಎಂಬುದು ವಿದ್ವಾಂಸರ ಅಭಿಪ್ರಾಯ. 'ಇರಬಹುದು' ಎಂಬ ಮಾತನ್ನು ಗಮನಿಸಿ. ಕೆತ್ತಿದವನ ಹೆಸರಾಗಲಿ, ತಿದಿ ಕೂರಿಸಿದವನ ಹೆಸರಾಗಲಿ ಹುಲಿಯ ಜೊತೆಗೆ ಬಂದಿಲ್ಲ. ಟಿಪ್ಪುವಿನ ಗ್ರಂಥಾಲಯದಲ್ಲಿ ಸುಮಾರು 2000 ಗ್ರಂಥಗಳಿದ್ದವು. ಅವುಗಳ ವಿವರವಾದ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಪ್ರಕಟಿಸಿದ. ಪುಸ್ತಕಗಳಿಗೆ ಸಿಕ್ಕ ಈ ಗೌರವ ಹುಲಿಯ ಹೊಟ್ಟೆಯೊಳಗಿನ ಯಂತ್ರಕ್ಕೆ ಆಗ ಸಿಗಲಿಲ್ಲ.

ಇನ್ನೂರು ವರ್ಷಗಳ ರಿಪೇರಿ

1808ರಿಂದ ಈ ಹುಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಹುಲಿಯನ್ನು ಗರ್ಜಿಸುವಂತೆ ಮಾಡುತ್ತಿದ್ದರು. ಪಕ್ಕದ ಓದುವ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತವರಿಗೆ ಇದೊಂದು ದೊಡ್ಡ ಕಾಟವಾಗಿತ್ತು. 1843ರ ಹೊತ್ತಿಗೆ ಯಂತ್ರ ತೀರ ಕೆಟ್ಟಿದೆ, ನೋಡಲು ಬಂದವರಿಗೆ ನಿರಾಶೆಯಾಗುತ್ತಿದೆ ಎಂಬ ವರದಿಗಳು ಬಂದವು. ಮುಂದೆ ಒಂದು ದಿನ ಆ ಹಿಡಿಯೇ ಕಾಣೆಯಾಯಿತು!

1858ರಲ್ಲಿ ಕಂಪನಿಯ ಆಡಳಿತ ಮುಗಿಯಿತು. ಹುಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅಲೆಯಿತು. ಕೊನೆಗೆ 1879ರ ಸುಮಾರಿಗೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಬಾಂಬಿನಿಂದ ಅಲ್ಲಿನ ಛಾವಣಿ ಕುಸಿದು ಹುಲಿಯ ಮೇಲೆ ಬಿತ್ತು. ಮರದ ಮೈ ನೂರಾರು ಚೂರುಗಳಾಯಿತು. ಯುದ್ಧ ಮುಗಿದ ಮೇಲೆ ಕುಶಲಿಗಳು ಆ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದರು. 1947ರ ವೇಳೆಗೆ ಹುಲಿ ಮತ್ತೆ ಪ್ರದರ್ಶನಕ್ಕೆ ಬಂತು. ಶ್ರೀರಂಗಪಟ್ಟಣದ ಆ ಅರಮನೆಯ ಅಡಿಪಾಯದ ಕಲ್ಲುಗಳಷ್ಟೇ ಇಂದು ಉಳಿದಿರುವಾಗ, ಅರಮನೆಯೊಳಗಿನ ಮರದ ಆಟಿಕೆ ಬಾಂಬನ್ನೂ ದಾಟಿ ಉಳಿದಿದೆ. ಇದು ರಿಪೇರಿ ಮಾಡುವ ಕೈಗಳ ಮಹಿಮೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಯಂತ್ರವಾದ್ಯಗಳ ತಜ್ಞರು ಹುಲಿಯ ಒಳಭಾಗವನ್ನು ಪರೀಕ್ಷಿಸಿದಾಗ, ಇಂಗ್ಲೆಂಡಿಗೆ ಬಂದ ಮೇಲೆ ಅದನ್ನು ಮತ್ತೆ ಮತ್ತೆ ಬಿಚ್ಚಿ ಬದಲಾಯಿಸಿರುವುದು ಕಂಡುಬಂತು. ಮೂಲದಲ್ಲಿ ಅದು ಕೆಲಸ ಮಾಡುತ್ತಿದ್ದ ಕ್ರಮವೇ ಬಹುಮಟ್ಟಿಗೆ ಅಳಿಸಿಹೋಗಿತ್ತು. ರಿಪೇರಿ ಮಾಡಿದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಹುಲಿ ಕೂಗಬೇಕು, ಆರ್ಗನ್ ನುಡಿಯಬೇಕು ಎಂಬುದಷ್ಟೇ ಅವರಿಗೆ ಬೇಕಿತ್ತು. ನಮ್ಮ ಗಡಿಯಾರ ರಿಪೇರಿಯವರು ಪಿನ್ ಹಾಕಿದಂತೆ ಅವರೂ ಕೈಗೆ ಸಿಕ್ಕ ಉಪಾಯ ಮಾಡಿದರು. ಹುಲಿ ಇಂದಿಗೂ ಕೂಗಬಲ್ಲದು. ಆದರೆ ಅರಮನೆಯಲ್ಲಿ ಕೇಳಿಸುತ್ತಿದ್ದ ಕೂಗು ಅದೇ ಎಂದು ಎದೆ ಮುಟ್ಟಿ ಹೇಳುವಂತಿಲ್ಲ. ವಸ್ತು ಉಳಿಯಿತು, ಅದು ಹೇಳಬೇಕಿದ್ದ ಮಾತಿನಲ್ಲಿ ಒಂದು ಪಾಲು ಹೋಯಿತು.

ವಸ್ತು ಹೋದರೂ ಬರಹ ಉಳಿದಾಗ

ಈಗ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ನೋಡಿ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರಿದ್ದರು. ಗಾಳಿ, ನೀರಿನ ಒತ್ತಡದಿಂದ ತಾವಾಗಿಯೇ ಕೆಲಸ ಮಾಡುವ ಸುಮಾರು ನೂರು ಯಂತ್ರಗಳ ವಿವರವನ್ನು ಅವರು ಗ್ರಂಥವಾಗಿ ಬರೆದರು. ಅದೇ ಹಾದಿಯಲ್ಲಿ ನಡೆದವರು ಅಲ್-ಜಝರಿ. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನ ಅರ್ತುಕ್ ದೊರೆಗಳ ಬಳಿ ಅವರು ಯಂತ್ರಶಿಲ್ಪಿಯಾಗಿದ್ದರು. 1206ರಲ್ಲಿ ಪೂರ್ಣಗೊಂಡ ತಮ್ಮ ಗ್ರಂಥದಲ್ಲಿ ಅವರು 50 ಯಂತ್ರಗಳನ್ನು ಚಿತ್ರಸಹಿತ ವಿವರಿಸಿದ್ದಾರೆ. ಆನೆಯ ಮೇಲೆ ಕೂತ ಗೊಂಬೆಗಳು ಹೊತ್ತು ತಿಳಿಸುವ ಗಡಿಯಾರ, ವಾದ್ಯ ನುಡಿಸುವ ಗೊಂಬೆಗಳ ದೋಣಿ ಅವುಗಳಲ್ಲಿ ಸೇರಿವೆ.

ಅಲ್-ಜಝರಿಯವರ ಹೆಚ್ಚುಗಾರಿಕೆ ಏನೆಂದರೆ, ಅವರು ತಮ್ಮ ಜಾಣ್ಮೆಯನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಯಾವ ಭಾಗ ಯಾವ ಅಳತೆಯದು, ಹೇಗೆ ಎರಕ ಹೊಯ್ಯಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಮುಂದಿನ ಕುಶಲಕರ್ಮಿಗೆ ಅನುಕೂಲವಾಗುವಂತೆ ಬರೆದರು. ಅವರ ಕೈಯ ಗಡಿಯಾರಗಳು ಹೋದವು, ಪುಸ್ತಕದ ಪ್ರತಿಗಳು ಉಳಿದವು. ಡೊನಾಲ್ಡ್ ಹಿಲ್ ಎಂಬ ಎಂಜಿನಿಯರ್ 1974ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. 1976ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಆ ಗ್ರಂಥದ ಆಧಾರದಿಂದ ಅಲ್-ಜಝರಿಯವರ ದೊಡ್ಡ ಜಲಗಡಿಯಾರವೊಂದನ್ನು ಮರುನಿರ್ಮಾಣ ಮಾಡಿದರು. 770 ವರ್ಷಗಳ ನಂತರ ಅದು ಮತ್ತೆ ನಡೆಯಿತು!

ಓದುಗರೇ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ, ವಸ್ತು ಇದ್ದರೂ ಮಾಡಿದವರ ಬರಹವಿಲ್ಲದೆ ಅದರ ಮೂಲ ಕ್ರಮ ಕಳೆದುಹೋಯಿತು. ಇನ್ನೊಂದು ಕಡೆ, ವಸ್ತು ಇಲ್ಲದಿದ್ದರೂ ಬರಹದಿಂದ ಅದು ಮರುಜನ್ಮ ಪಡೆಯಿತು. ಎರಡೂ ಒಂದೇ ನಗರದಲ್ಲಿ, ಲಂಡನ್ನಿನಲ್ಲಿ, ನಡೆದಿವೆ.

ನಮ್ಮ ಸುತ್ತಲಿನ ಕೈಗಳು

ಇದು ದೂರದ ಮಾತೆಂದು ಬಿಡುವಂತಿಲ್ಲ. ನಾಗಮಂಗಲ ಲೋಹದ ಎರಕಕ್ಕೆ ಹಿಂದಿನಿಂದ ಹೆಸರಾದ ಊರು. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಇಳಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವ ವಿಧಾನ ಅದು. ಒಂದು ವಿಗ್ರಹ ಹೊರಬರಬೇಕಾದರೆ ಆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ವಿದ್ಯೆಯೆಲ್ಲ ಕೈಯಲ್ಲೇ ಇರುತ್ತದೆ. ಕೈ ನಿಂತರೆ ವಿದ್ಯೆಯೂ ನಿಂತಂತೆ.

ಬೆಂಗಳೂರಿನ ದಾರಿಯಲ್ಲಿರುವ ಚನ್ನಪಟ್ಟಣವನ್ನು ನೀವೆಲ್ಲ ಬಲ್ಲಿರಿ. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸಿ, ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಈ ಕಲೆಯನ್ನು ಟಿಪ್ಪು ಪರ್ಷಿಯಾದ ಕುಶಲಿಗಳಿಂದ ಕಲಿಸಿದರೆಂಬ ಮಾತು ಜನಜನಿತ. ಬವಾಸ್ ಮಿಯಾ ಅವರನ್ನು ಆ ಗೊಂಬೆಗಳ ಪಿತಾಮಹ ಎಂದು ಕರೆಯುವ ರೂಢಿಯೂ ಇದೆ. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಹೆಸರನ್ನು ಬೇರೆಯವರು ಬಳಸದಂತೆ ಕಾನೂನಿನ ರಕ್ಷಣೆ ಸಿಕ್ಕಿದ್ದು ಸಂತೋಷದ ವಿಷಯ. ಆದರೆ ಒಬ್ಬೊಬ್ಬ ಕುಶಲಕರ್ಮಿಯ ಕೈಚಳಕವನ್ನು ಬರೆದಿಡುವ ಕೆಲಸವನ್ನು ಕಾನೂನು ಮಾಡುವುದಿಲ್ಲ, ನಾವು ಮಾಡಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಪೇಟೆಗಳಲ್ಲಿ ಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ, ಸ್ಟವ್ ರಿಪೇರಿ ಮಾಡಿ ಸಂಸಾರ ತೂಗಿಸಿದ ಹಿರಿಯರು ಎಷ್ಟೋ ಮಂದಿ. ಅವರಲ್ಲಿ ಹಲವರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಎಂಜಿನಿಯರಿಂಗ್ ಓದುತ್ತಿದ್ದಾರೆ. ಆ ಹಿರಿಯರ ಕೈಯಲ್ಲಿ ಇರುವ ವಿದ್ಯೆಗೂ ಈ ಮಕ್ಕಳ ಕೈಯಲ್ಲಿರುವ ಲೇಖನಿಗೂ ನಡುವೆ ಸೇತುವೆ ಇನ್ನೂ ಆಗಿಲ್ಲ. ಅಲ್-ಜಝರಿಯವರಲ್ಲಿ ಈ ಎರಡೂ ಒಬ್ಬರಲ್ಲೇ ಇದ್ದವು ಎಂಬುದನ್ನು ನೆನಪಿಡಬೇಕು.

ನೀವು ಮಾಡಬಹುದಾದದ್ದು

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ರೋಬೋಟ್, ಕೀಲಿ ಕೊಟ್ಟರೆ ಓಡುವ ತಗಡಿನ ಕಾರು, ಚನ್ನಪಟ್ಟಣದ ಬುಗುರಿ ಇರಬಹುದು. ಅದನ್ನು ಸರಿಪಡಿಸುವ ಮುನ್ನ ನಾನು ಪೆಟ್ಟು ತಿಂದು ಕಲಿತ ಕೆಲವು ಮಾತುಗಳನ್ನು ಕೇಳಿ.

ಮೊದಲು ತೊಳೆಯಬೇಡಿ, ಒಣ ಕುಂಚದಿಂದ ಧೂಳು ತೆಗೆಯಿರಿ. ಅರಗಿನ ಬಣ್ಣದ ಗೊಂಬೆಗೆ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಅದರಲ್ಲಿ ಕರಗುತ್ತದೆ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದಲೂ ಫೋಟೋ ತೆಗೆಯಿರಿ, ಒಂದೊಂದು ತಿರುಪು ತೆಗೆದಾಗಲೂ ಇನ್ನೊಂದು ಫೋಟೋ ಇರಲಿ. ತೆಗೆದ ತಿರುಪುಗಳನ್ನು ಕ್ರಮವಾಗಿ ಕಾಗದದ ಮೇಲೆ ಅಂಟಿಸಿ ಸಂಖ್ಯೆ ಹಾಕಿ. ಮಡಚುವ ಕೀಲುಗಳಿಗೆ ಅಂಟು ಹಾಕಬೇಡಿ, ಅದು ಒಳಗೆ ಹರಿದು ಕೀಲನ್ನೇ ಹಿಡಿದುಬಿಡುತ್ತದೆ. ಹಳೆಯ ಬ್ಯಾಟರಿ ಒಳಗಿದ್ದರೆ ಕೂಡಲೇ ತೆಗೆಯಿರಿ. ಹೊಸ ಬಣ್ಣ ಬಳಿಯುವ ಆಸೆಯನ್ನು ತಡೆದುಕೊಳ್ಳಿ. ಮುರಿದ ಭಾಗ ಕೆಲಸಕ್ಕೆ ಬಾರದಿದ್ದರೂ ಎಸೆಯದೆ ಚೀಟಿಯಲ್ಲಿ ಕಟ್ಟಿ ಜೊತೆಗಿಡಿ, ಮುಂದೊಬ್ಬರು ಅದರಿಂದ ಅಳತೆ ತೆಗೆಯಬಹುದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಬರೆದಿಡಿ. ಈ ವಸ್ತು ಯಾರು, ಯಾವ ವರ್ಷ, ಎಲ್ಲಿಂದ ತಂದರು, ಯಾರು ಆಡಿದರು, ಹೇಗೆ ಮುರಿಯಿತು, ಯಾರು, ಏನು ಹಾಕಿ ರಿಪೇರಿ ಮಾಡಿದರು. ಒಂದು ಪುಟ ಸಾಕು. ಕೊಲ್ಲಿಗೆ ದುಡಿಯಲು ಹೋದ ನಮ್ಮ ಒಂದು ತಲೆಮಾರಿನ ಇತಿಹಾಸ ಯಾವ ಪಠ್ಯಪುಸ್ತಕದಲ್ಲೂ ವಿವರವಾಗಿ ಸಿಗುವುದಿಲ್ಲ. ಅವರು ತಂದ ಟೇಪ್‌ರೆಕಾರ್ಡರು, ಕಂಬಳಿ, ಮಕ್ಕಳ ಆಟಿಕೆಗಳಲ್ಲಿ ಅದು ಅಡಗಿದೆ. ನಮ್ಮ ಮಾಮು ಈಗಿಲ್ಲ. ಅವರು ಆ ಲಾರಿಯನ್ನು ಯಾವ ಅಂಗಡಿಯಲ್ಲಿ ಕೊಂಡರು, ಎಷ್ಟು ದಿನದ ಕೂಲಿ ಅದಕ್ಕೆ ಹೋಯಿತು ಎಂದು ನಾನು ಅವರನ್ನು ಕೇಳಲೇ ಇಲ್ಲ. ಕಳೆದ ಚೀಟಿಗಿಂತ ಇದೇ ನನಗೆ ಹೆಚ್ಚು ನೋವಿನ ಸಂಗತಿ.

ನಾನು ಈಗ ಒಂದು ನೋಟ್‌ಬುಕ್ಕಿನಲ್ಲಿ ಆ ಲಾರಿಯ ಬಗ್ಗೆ ನೆನಪಿದ್ದಷ್ಟನ್ನೂ ಬರೆದಿದ್ದೇನೆ. ಭುಜದ ಪಿನ್ನು ಮೂಲದ್ದಲ್ಲ, ಕೈಗಡಿಯಾರದ್ದು ಎಂದೂ, ಎದೆಯ ಚೀಟಿ ನನ್ನ ತಪ್ಪಿನಿಂದ ಹೋಯಿತು ಎಂದೂ ಅದರಲ್ಲಿ ಸೇರಿಸಿದ್ದೇನೆ. ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಒಂದು ಹಳೆಯ ವಸ್ತು, ನಿಮ್ಮ ಪೇಟೆಯ ಒಬ್ಬ ರಿಪೇರಿಯವರು, ಇಷ್ಟನ್ನು ಆರಿಸಿಕೊಂಡು ಒಂದೊಂದು ಪುಟ ಬರೆದು ತನ್ನಿ. ಶ್ರೀರಂಗಪಟ್ಟಣದ ಹುಲಿಗೆ ಸಿಗದೆ ಹೋದ ಕಾಗದ ನಿಮ್ಮ ಮನೆಯ ವಸ್ತುವಿಗಾದರೂ ಸಿಗಲಿ.